ಸರ್ಕಾರಿ ಆಫೀಸಲ್ಲಿ ಭೇದಭಾವ ಆದ್ರೆ ಯಾರಿಗೆ ಬರೀಬೇಕು, ಹೆಂಗೆ ಬರೀಬೇಕು, ಎಷ್ಟು ದಿನದೊಳಗೆ ಬರೀಬೇಕು

ಸರ್ಕಾರಿ ನೌಕರಿ ಅಂದ್ಮೇಲೆ ಸಂಬಳ ಸ್ಕೇಲ್ ಪ್ರಕಾರ, ಬಡ್ತಿ ಲಿಸ್ಟ್ ಪ್ರಕಾರ, ಇದ್ರಲ್ಲಿ ಭೇದಭಾವ ಎಲ್ಲಿಂದ ಬರುತ್ತೆ ಅಂತ ಹೊರಗಿನವ್ರು ಕೇಳ್ತಾರೆ. ಒಳಗಿರೋರಿಗೆ ಗೊತ್ತು. ಗರ್ಭಿಣಿ ಅಂತ ಗೊತ್ತಾದ ತಕ್ಷಣ ಹೊರಗುತ್ತಿಗೆ ಹುಡುಗೀನ ಮುಂದಿನ ತಿಂಗಳಿಂದ ಬರಬೇಡಮ್ಮ ಅನ್ನೋದು, ಕಾಲು ಸರಿ ಇಲ್ಲದ ದ್ವಿತೀಯ ದರ್ಜೆ ಸಹಾಯಕನ (ಎಸ್‌ಡಿಎ) ಎರಡನೇ ಮಹಡೀಲಿ ಕೂರಿಸೋದು, ಡಿ ಗ್ರೂಪ್‌ನವರಲ್ಲಿ ಒಬ್ಬರಿಗೆ ಮಾತ್ರ ಸಾಹೇಬ್ರ ಚೇಂಬರ್‌ಗೆ ಟೀ ತರೋ ಕೆಲ್ಸ ಕೊಡದೇ ಟಾಯ್ಲೆಟ್ ಕೆಲ್ಸ ಮಾತ್ರ ಕೊಡೋದು, ಯಾಕೆ ಅಂತ ಎಲ್ರಿಗೂ ಗೊತ್ತಿದ್ರೂ ಯಾರೂ ಬಾಯಿ ಬಿಡಲ್ಲ. ಇದ್ಯಾವುದೂ ಆರ್ಡರ್‌ನಲ್ಲಿ ಬರೆದಿರಲ್ಲ, ಎಲ್ಲ ಬಾಯಿಮಾತಲ್ಲೇ ನಡೆಯುತ್ತೆ. ಅದಕ್ಕೇ ಈ ಇಡೀ ಬರಹದಲ್ಲಿ ನಾನು ಪದೇಪದೇ ಹೇಳೋದು ಒಂದೇ ವಿಷಯ: ಅದನ್ನ ಬಾಯಿಂದ ಕಡತಕ್ಕೆ ತನ್ನಿ. ಕಡತದಲ್ಲಿ ಇಲ್ಲದ್ದು ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲ.

ನಾನು ಬರೀತಿರೋದು ಮುಖ್ಯವಾಗಿ ಕರ್ನಾಟಕ ರಾಜ್ಯ ಸರ್ಕಾರದ ಕಚೇರಿಗಳ ಬಗ್ಗೆ. ಕೇಂದ್ರ ಸರ್ಕಾರದ ನೌಕರರಿಗೂ ಕಾಯ್ದೆಗಳು ಹೆಚ್ಚುಕಮ್ಮಿ ಇವೇ, ಆದ್ರೆ ಕೊನೇಲಿ ಹೋಗೋ ನ್ಯಾಯಮಂಡಳಿ ಬೇರೆ, ಅದನ್ನ ಅಲ್ಲೇ ಹೇಳ್ತೀನಿ.

ಮೊದಲು: ನಿಮ್ಮದು ಯಾವ ಥರದ ಕೇಸು ಅಂತ ಗುರುತು ಮಾಡ್ಕೊಳ್ಳಿ

ಎಲ್ಲದರ ಬುಡ ಸಂವಿಧಾನದ 16ನೇ ವಿಧಿ. ಸರ್ಕಾರಿ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶ, ಧರ್ಮ, ಮೂಲವಂಶ, ಜಾತಿ, ಲಿಂಗ, ಸಂತತಿ, ಹುಟ್ಟಿದ ಊರು, ವಾಸದ ಊರು ಇವನ್ನಷ್ಟೇ ನೋಡಿ ಯಾರನ್ನೂ ಅನರ್ಹ ಮಾಡೋ ಹಾಗಿಲ್ಲ, ಭೇದ ಮಾಡೋ ಹಾಗಿಲ್ಲ. ಹಿಂದುಳಿದವರಿಗೆ ಮೀಸಲಾತಿ ಕೊಡೋ ಅಧಿಕಾರನೂ ಇದೇ ವಿಧಿಯ 4ನೇ ಖಂಡದಲ್ಲಿದೆ, ಹಾಗಾಗಿ "ಮೀಸಲಾತಿ ಇದ್ಮೇಲೆ ಸಮಾನತೆ ಎಲ್ಲಿ" ಅಂತ ಕ್ಯಾಂಟೀನಲ್ಲಿ ವಾದ ಮಾಡೋರಿಗೆ ವಿಧಿ ಪೂರ್ತಿ ಓದೋಕೆ ಹೇಳಿ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಮೀಸಲಾತಿ ಬೇರೆ, ಅದು ಸಂವಿಧಾನದ 371ಜೆ ವಿಧಿಯಿಂದ ಬಂದಿದ್ದು.

ಈ ವಿಧಿ ಇದ್ರೂ ನಿಯಮಗಳ ಒಳಗೇ ಭೇದ ಕೂತಿರುತ್ತೆ ಅನ್ನೋದಕ್ಕೆ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಕೇಸ್ ನೋಡಿ. ವಿರಾಜಪೇಟೆಯವರು, ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆಗ ಹೆಣ್ಮಕ್ಕಳು ಮದುವೆ ಆಗೋಕೆ ಸರ್ಕಾರದ ಲಿಖಿತ ಅನುಮತಿ ತಗೋಬೇಕು, ಮದುವೆ ಆದ್ಮೇಲೆ ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಸರ್ಕಾರಕ್ಕೆ ಅನಿಸಿದ್ರೆ ರಾಜೀನಾಮೆ ಕೇಳಬಹುದು ಅಂತ ನಿಯಮನೇ ಇತ್ತು, ಗಂಡಸರಿಗೆ ಅಂಥದ್ದೇನೂ ಇಲ್ಲ. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟ್‌ಗೆ ಹೋದ್ರು, ಕೇಸ್ ನಡೀತಿರುವಾಗಲೇ ಸರ್ಕಾರ ಬಡ್ತಿ ಕೊಡ್ತು, ಆದ್ರೂ 1979ರಲ್ಲಿ ಕೋರ್ಟು ಆ ನಿಯಮಗಳನ್ನ ಕಟುವಾಗಿ ಟೀಕಿಸಿ ಸೇವಾ ನಿಯಮಗಳಲ್ಲಿರೋ ಲಿಂಗಭೇದ ತೆಗೀಬೇಕು ಅಂತ ಹೇಳ್ತು. ಐಎಫ್‌ಎಸ್ ಅಧಿಕಾರಿಗೇ ಆ ಗತಿ ಇತ್ತು.

ಈಗ ನಿಮ್ಮ ವಿಷಯಕ್ಕೆ ಬನ್ನಿ. ನೇಮಕಾತಿ ಅಥವಾ ರೋಸ್ಟರ್ (ಯಾವ ಹುದ್ದೆ ಯಾವ ಪ್ರವರ್ಗಕ್ಕೆ ಅನ್ನೋ ಸರದಿ ಪಟ್ಟಿ) ತಪ್ಪಾ, ಬಡ್ತಿ ಜ್ಯೇಷ್ಠತೆ ತಪ್ಪಾ, ವಿಕಲಚೇತನರ ಸೌಲಭ್ಯದ್ದಾ, ಹೆರಿಗೆ ರಜೆದಾ, ಲೈಂಗಿಕ ಕಿರುಕುಳನಾ, ಜಾತಿನಿಂದನೆನಾ? ಒಂದೊಂದಕ್ಕೂ ಬಾಗಿಲು ಬೇರೆ, ಗಡುವು ಬೇರೆ. ಎಲ್ಲಾ ಒಂದೇ ಅರ್ಜೀಲಿ ತುಂಬಿ ಮುಖ್ಯಮಂತ್ರಿಯಿಂದ ಹಿಡಿದು ಲೋಕಾಯುಕ್ತದವರೆಗೆ ಹತ್ತು ಪ್ರತಿ ಕಳಿಸ್ತಾರೆ ಕೆಲವರು, ಅದು ಎಲ್ಲಾ ಕಡೆಯಿಂದಲೂ "ಸೂಕ್ತ ಕ್ರಮಕ್ಕಾಗಿ" ಅಂತ ವಾಪಸ್ ನಿಮ್ಮ ಆಫೀಸಿಗೇ ಬರುತ್ತೆ, ಅಷ್ಟರಲ್ಲಿ ಗಡುವು ಮುಗಿದಿರುತ್ತೆ.

ಎರಡನೇದು: ದಾಖಲೆ ಮಾಡೋದು

ಬಾಯಲ್ಲಿ ಹೇಳಿದ್ದನ್ನ ಬರಹಕ್ಕೆ ತರೋ ಸುಲಭದ ದಾರಿ ಒಂದಿದೆ. ಸಾಹೇಬ್ರು "ನಿಂಗೆ ಆ ಸೆಕ್ಷನ್ ಆಗಲ್ಲಮ್ಮ, ಮಗು ಬೇರೆ ಇದೆ" ಅಂದ್ರೆ ಜಗಳಕ್ಕೆ ನಿಲ್ಲಬೇಡಿ, ಅವತ್ತೇ ಸಂಜೆ ಒಂದು ಪುಟದ ಪತ್ರ: "ದಿನಾಂಕ ಇಂಥದ್ದರಂದು ತಾವು ಮೌಖಿಕವಾಗಿ ತಿಳಿಸಿದಂತೆ ನನ್ನನ್ನು ಇಂಥ ವಿಷಯದ ಕಾರ್ಯಭಾರದಿಂದ ಬಿಡುಗಡೆಗೊಳಿಸಿದ್ದು, ಈ ಬಗ್ಗೆ ಲಿಖಿತ ಆದೇಶ ನೀಡಲು ಕೋರುತ್ತೇನೆ." ಅಷ್ಟೇ. ಆರೋಪ ಬೇಡ, ವಿಶೇಷಣ ಬೇಡ. ಆ ಪತ್ರಕ್ಕೆ ಉತ್ತರ ಬಂದ್ರೂ ನಿಮಗೆ ಸಾಕ್ಷಿ, ಬರದಿದ್ರೂ ಸಾಕ್ಷಿ.

ಪತ್ರನ ಸಾಹೇಬ್ರ ಟೇಬಲ್ ಮೇಲೆ ಇಟ್ಟು ಬರಬೇಡಿ, ಟಪಾಲು ಶಾಖೇಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳಿ. ಇ-ಆಫೀಸ್ ಇದ್ರೆ ರಸೀದಿ ನಂಬರ್ ಕೇಳಿ. ಟಪಾಲಿನವ್ರು "ಸಾಹೇಬ್ರನ್ನ ಕೇಳಿ ಸೀಲ್ ಹಾಕ್ತೀನಿ" ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ, ಜೊತೆಗೆ ಕಚೇರಿಯ ಅಧಿಕೃತ ಇಮೇಲ್‌ಗೂ ಹಾಕಿ. ವಾಟ್ಸಾಪ್ ಗ್ರೂಪಲ್ಲಿ ಬಂದ ಮೆಸೇಜ್ ಇದ್ರೆ ಸ್ಕ್ರೀನ್‌ಶಾಟ್ ಮಾತ್ರ ಸಾಲಲ್ಲ, ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ, ಫೋನ್ ಬದಲಾಯಿಸೋಕೆ ಹೋಗಬೇಡಿ.

ಬೇರೆಯವರಿಗೆ ಏನು ಕೊಟ್ರು ನಿಮಗೆ ಏನು ಕೊಟ್ರು ಅಂತ ಹೋಲಿಸೋ ಕಾಗದ ಬೇಕಾದಾಗ ಮಾಹಿತಿ ಹಕ್ಕು ಅರ್ಜಿ ಹಾಕಿ. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ನಿಯಮ ಇದೆ, ಇದು ಮರೆತು ಮೂರು ಪುಟ ಬರೆದ್ರೆ ಅದೇ ನೆಪ ಆಗುತ್ತೆ. "ಯಾಕೆ ನನಗೆ ಬಡ್ತಿ ಕೊಟ್ಟಿಲ್ಲ" ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತಾರೆ. "ಇಂಥ ದಿನಾಂಕದ ಇಲಾಖಾ ಬಡ್ತಿ ಸಮಿತಿ ನಡವಳಿಯ ಪ್ರತಿ, ಇಂಥ ಹುದ್ದೆಯ ರೋಸ್ಟರ್ ರಿಜಿಸ್ಟರ್ ಪ್ರತಿ, ಕಡತ ಸಂಖ್ಯೆ ಇಂಥದ್ದರ ಟಿಪ್ಪಣಿ ಹಾಳೆಗಳ ಪ್ರತಿ" ಅಂತ ಕೇಳಿ. ಟಿಪ್ಪಣಿ ಹಾಳೇಲಿ ಇರುತ್ತೆ ಎಲ್ಲಾ ಗುಟ್ಟು.

ನೇಮಕಾತಿ, ರೋಸ್ಟರ್

ಕರ್ನಾಟಕದಲ್ಲಿ ಮೀಸಲಾತಿ ಎರಡು ಥರ ಲೆಕ್ಕ ಆಗುತ್ತೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಇವು ಲಂಬ. ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ವಿಕಲಚೇತನ, ಮಾಜಿ ಸೈನಿಕ, ಯೋಜನೆಯಿಂದ ಸ್ಥಳಾಂತರಗೊಂಡವರು, ಇವೆಲ್ಲ ಸಮತಲ, ಅಂದ್ರೆ ಪ್ರತಿ ಪ್ರವರ್ಗದ ಒಳಗೇ ಇಷ್ಟಿಷ್ಟು ಅಂತ. ಮಹಿಳೆಯರಿಗೆ ಶೇ 33, ಗ್ರಾಮೀಣಕ್ಕೆ ಶೇ 25, ಕನ್ನಡ ಮಾಧ್ಯಮಕ್ಕೆ ಶೇ 5. 2021ರಲ್ಲಿ ತೃತೀಯ ಲಿಂಗಿಗಳಿಗೆ ಶೇ 1 ಸೇರಿಸಿದ್ರು, ದೇಶದಲ್ಲೇ ಮೊದಲು ಮಾಡಿದ್ದು ನಮ್ಮ ರಾಜ್ಯ. ಪರಿಶಿಷ್ಟರ ಪ್ರಮಾಣ 2022ರಲ್ಲಿ 15ರಿಂದ 17ಕ್ಕೆ, 3ರಿಂದ 7ಕ್ಕೆ ಏರಿತು, ಆಮೇಲೆ ಒಳಮೀಸಲಾತಿ ಬಂತು, ಅದರ ಮೇಲೆ ಕೋರ್ಟ್ ಕೇಸುಗಳು ಬಂದ್ವು. ಹಾಗಾಗಿ ಯಾವುದೋ ಹಳೇ ಪಿಡಿಎಫ್ ಹಿಡ್ಕೊಂಡು ಲೆಕ್ಕ ಹಾಕಬೇಡಿ, ನಿಮ್ಮ ಅಧಿಸೂಚನೆ ಹೊರಡಿಸಿದ ದಿನ ಯಾವ ಆದೇಶ ಜಾರೀಲಿತ್ತು ಅನ್ನೋದೇ ಲೆಕ್ಕ.

ಇಲ್ಲಿ ತುಂಬಾ ಜನ ಮೋಸ ಹೋಗೋದು ಜಿಎಂ, ಅಂದ್ರೆ ಜನರಲ್ ಮೆರಿಟ್ ಹುದ್ದೆಗಳ ವಿಷಯದಲ್ಲಿ. ಸಾಮಾನ್ಯ ಅರ್ಹತೆಯ ಹುದ್ದೆ ಯಾವ ಜಾತಿಗೂ ಮೀಸಲಲ್ಲ, ಅಂಕ ಬಂದವರು ಯಾರಾದ್ರೂ ಅಲ್ಲಿ ಕೂರಬಹುದು. ಜಿಎಂ ಮಹಿಳೆ ಅನ್ನೋ ಹುದ್ದೆಗೂ ಅದೇ ಮಾತು. ಜಿಎಂ ಮಹಿಳೆ ಲಿಸ್ಟಲ್ಲಿ ಕೊನೇ ಅಭ್ಯರ್ಥಿ ಅಂಕ 140 ಅನ್ಕೊಳ್ಳಿ, ಪರಿಶಿಷ್ಟ ಜಾತಿಯ ಹುಡುಗಿಗೆ 146 ಬಂದಿದೆ, ಅವಳನ್ನ "ನಿಮ್ಮ ಪ್ರವರ್ಗದ ಮಹಿಳೆ ಹುದ್ದೆ ಇದೆಯಲ್ಲ, ಅಲ್ಲಿ ಹೋಗಿ" ಅನ್ನೋ ಹಾಗಿಲ್ಲ. 2020ರಲ್ಲಿ ಉತ್ತರ ಪ್ರದೇಶದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು, ಇಲ್ಲಾಂದ್ರೆ ಜಿಎಂ ಅನ್ನೋದು ಮೇಲ್ಜಾತಿ ಮೀಸಲಾತಿ ಆಗಿಬಿಡುತ್ತೆ. ಆಕೆ ವಯಸ್ಸಿನದ್ದೋ ಅಂಕದ್ದೋ ರಿಯಾಯಿತಿ ತಗೊಂಡಿದ್ರೆ ಮಾತ್ರ ಆ ನೇಮಕಾತಿಯ ನಿಯಮ ಏನು ಹೇಳುತ್ತೆ ಅಂತ ಬೇರೆ ನೋಡಬೇಕು. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಡ್ತಾರೆ, ಅವತ್ತೇ ಕೂತು ಕಟ್ ಆಫ್ ಹೋಲಿಸಿ ಆಕ್ಷೇಪಣೆ ಹಾಕಿ, ಅಂತಿಮ ಪಟ್ಟಿ ಆದ್ಮೇಲೆ ಕೆಲಸ ಕಷ್ಟ.

ಇನ್ನೊಂದು, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳು ಅಧಿಸೂಚನೆಯಲ್ಲಿ ಕೊಟ್ಟ ನಮೂನೇಲೇ, ಹೇಳಿದ ದಿನಾಂಕದೊಳಗೇ ಇರಬೇಕು. ಇದ್ರಲ್ಲಿ ಕಳ್ಕೊಂಡ್ರೆ ಅದು ಭೇದಭಾವ ಅಂತ ವಾದ ಮಾಡೋಕಾಗಲ್ಲ.

ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು, ಅದ್ರಲ್ಲಿ ಮಹಿಳೆಯರಿಗೆ ಶೇ 33 ಕೊಡಬೇಕು ಅಂತ 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸೂಚನೆ ಕೊಟ್ಟಿದೆ. ಟೆಂಡರ್ ಹಾಕೋ ಶಾಖೆಯವರು ಇದನ್ನ ಷರತ್ತಿನಲ್ಲಿ ಸೇರಿಸಿದ್ದಾರಾ ಅಂತ ಯಾರೂ ನೋಡಲ್ಲ, ನೀವು ನೋಡಿ.

ಅನುಕಂಪದ ನೌಕರಿ ವಿಷಯ ಚಿಕ್ಕದಾಗಿ ಹೇಳ್ಬಿಡ್ತೀನಿ. 1996ರ ನಿಯಮದಲ್ಲಿ ಮದುವೆ ಆಗದ ಮಗಳಿಗೆ ಮಾತ್ರ ಅಂತ ಇತ್ತು, ಮಗನಿಗೆ ಮದುವೆ ಆಗಿದ್ರೂ ಪರವಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದು ಸಂವಿಧಾನ ವಿರೋಧಿ ಅಂತ ತೆಗೆದುಹಾಕ್ತು, ಮರುವರ್ಷ ಸರ್ಕಾರ ನಿಯಮನೂ ತಿದ್ದಿತು. ಈಗಲೂ ಕೆಲವು ಕಡೆ "ಮಗಳಿಗೆ ಮದುವೆ ಆಗಿದೆ, ಬರಲ್ಲಮ್ಮ" ಅಂತ ಕಳಿಸ್ತಾರಂತೆ. ಅವಲಂಬಿತರು ಅಂತ ತೋರಿಸಬೇಕು ಅಷ್ಟೇ, ಮದುವೆ ಅಡ್ಡಿ ಅಲ್ಲ. ಅರ್ಜಿ ಮಾತ್ರ ನೌಕರರು ತೀರಿಕೊಂಡ 1 ವರ್ಷದೊಳಗೆ ಹಾಕಬೇಕು, ದುಃಖದಲ್ಲಿದ್ದೀವಿ ಅಂತ ಮುಂದೂಡಬೇಡಿ.

ಬಡ್ತಿ

ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಬಂದ ದಿನವೇ ಪ್ರಿಂಟ್ ತೆಗೆದು ನಿಮ್ಮ ಹೆಸರು, ಸೇವೆಗೆ ಸೇರಿದ ದಿನಾಂಕ, ಪ್ರವರ್ಗ, ಪ್ರೊಬೇಷನ್ ಘೋಷಣೆ ದಿನಾಂಕ ಸೇವಾ ಪುಸ್ತಕದ ಜೊತೆ ತಾಳೆ ನೋಡಿ. ಹೆರಿಗೆ ರಜೆ ಹಾಕಿದ ಕಾಲದಲ್ಲಿ ಪ್ರೊಬೇಷನ್ ಮುಂದಕ್ಕೆ ಹೋಗಿ ಜ್ಯೇಷ್ಠತೆ ಕೆಳಗೆ ಇಳಿದಿದ್ಯಾ ಅಂತ ಹೆಣ್ಮಕ್ಕಳು ಗಮನಿಸ್ಲೇಬೇಕು. ವಾರ್ಷಿಕ ಕಾರ್ಯನಿರ್ವಹಣಾ ವರದೀಲಿ ಸರಾಸರಿ ಅಂತ ಬರೆದು ಬಡ್ತಿ ತಪ್ಪಿಸೋ ಹಳೇ ತಂತ್ರಕ್ಕೆ 2008ರಲ್ಲೇ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಕೆಟ್ಟದಿರಲಿ ಒಳ್ಳೇದಿರಲಿ, ಪ್ರತಿ ವರ್ಷದ ಷರಾನೂ ನೌಕರರಿಗೆ ತಿಳಿಸಬೇಕು. ನಿಮಗೆ ತಿಳಿಸಿಲ್ಲಾಂದ್ರೆ ಪ್ರತಿ ಕೇಳಿ, ಕೇಳಿದ್ದಕ್ಕೆ ಸ್ವೀಕೃತಿ ತಗೊಳ್ಳಿ.

ವಿಕಲಚೇತನರು: ಕಾಯ್ದೆ ಗಟ್ಟಿ ಇದೆ, ಬಳಸೋರು ಕಮ್ಮಿ

ನನ್ನ ಕೇಳಿದ್ರೆ ಸರ್ಕಾರಿ ಕಚೇರಿ ಮಟ್ಟಿಗೆ ಇರೋದ್ರಲ್ಲೇ ಬಲವಾದ ಕಾಯ್ದೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 20ನೇ ಕಲಂ ಒಂದನ್ನ ಪ್ರಿಂಟ್ ತೆಗೆದು ಇಟ್ಕೊಳ್ಳಿ. ಸರ್ಕಾರಿ ಸಂಸ್ಥೆ ಉದ್ಯೋಗದ ಯಾವ ವಿಷಯದಲ್ಲೂ ವಿಕಲಚೇತನರಿಗೆ ಭೇದ ಮಾಡೋ ಹಾಗಿಲ್ಲ, ಕೆಲಸ ಮಾಡೋಕೆ ಬೇಕಾದ ಅನುಕೂಲ ಮಾಡಿಕೊಡಬೇಕು, ವೈಕಲ್ಯ ಇದೆ ಅನ್ನೋ ಒಂದೇ ಕಾರಣಕ್ಕೆ ಬಡ್ತಿ ನಿಲ್ಲಿಸೋ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡದು 4ನೇ ಉಪಕಲಂ: ಸೇವೇಲಿದ್ದಾಗ ವೈಕಲ್ಯ ಬಂದ್ರೆ ಕೆಲಸದಿಂದ ತೆಗೆಯೋ ಹಾಗಿಲ್ಲ, ದರ್ಜೆ ಇಳಿಸೋ ಹಾಗಿಲ್ಲ. ಇರೋ ಹುದ್ದೆ ಮಾಡೋಕಾಗದಿದ್ರೆ ಅದೇ ಸಂಬಳ, ಅದೇ ಸೌಲಭ್ಯದ ಮೇಲೆ ಬೇರೆ ಹುದ್ದೆಗೆ ಹಾಕಬೇಕು, ಅಂಥ ಹುದ್ದೆ ಖಾಲಿ ಇಲ್ಲಾಂದ್ರೆ ಸಿಗೋವರೆಗೆ ಅಥವಾ ನಿವೃತ್ತಿವರೆಗೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಕೋಬೇಕು.

ಇಲಾಖೆ ಜೀಪ್ ಡ್ರೈವರ್‌ಗೆ ಕಣ್ಣು ಮಂಜಾಯ್ತು ಅನ್ಕೊಳ್ಳಿ. ಆಫೀಸಲ್ಲಿ ಎಲ್ರೂ ಪ್ರೀತಿಯಿಂದಲೇ "ವಿಆರ್‌ಎಸ್ ತಗೊಂಬಿಡಣ್ಣ, ಪೆನ್ಷನ್ ಆದ್ರೂ ಬರುತ್ತೆ" ಅಂತಾರೆ. ಆ ಸ್ವಯಂ ನಿವೃತ್ತಿ ಅರ್ಜಿಗೆ ಸಹಿ ಹಾಕಬೇಡಿ. ಮೆಡಿಕಲ್ ಬೋರ್ಡ್ ವರದಿ ತಗೊಂಡು, 20(4) ಉಲ್ಲೇಖಿಸಿ ಬದಲಿ ಹುದ್ದೆಗೆ ಅರ್ಜಿ ಕೊಡಿ. ತೆಲಂಗಾಣ ಸಾರಿಗೆ ಸಂಸ್ಥೇಲಿ ಬಣ್ಣಗುರುಡು ಅಂತ ಹೊರಗೆ ಹಾಕಿದ್ದ ಡ್ರೈವರ್‌ಗೆ ಬದಲಿ ಕೆಲಸ ಕೊಡ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ, ಬೇರೆ ಕೆಲಸ ಇದ್ಯಾ ಅಂತ ಹುಡುಕೋ ಜವಾಬ್ದಾರಿ ಸಂಸ್ಥೆದು, ನೌಕರರದ್ದಲ್ಲ.

ಅನುಕೂಲ ಕೇಳೋ ಅರ್ಜಿ ಹೆಂಗಿರಬೇಕು ಅಂತ ತುಂಬಾ ಜನ ಕೇಳ್ತಾರೆ, ಒಂದು ಮಾದರಿ:

"ವಿಷಯ: ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಕಲಂ 20ರಂತೆ ಕಾರ್ಯಸ್ಥಳದಲ್ಲಿ ಅನುಕೂಲ ಕಲ್ಪಿಸುವ ಬಗ್ಗೆ. ಮಾನ್ಯರೇ, ನಾನು ತಮ್ಮ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಕರ್ತವ್ಯ ನಿರ್ವಹಿಸುತ್ತಿದ್ದು, ನನಗೆ ಶೇ 60ರಷ್ಟು ಚಲನ ವೈಕಲ್ಯವಿರುತ್ತದೆ. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ಪ್ರತಿ ಲಗತ್ತಿಸಿದೆ. ಶಾಖೆಯು ಎರಡನೇ ಮಹಡಿಯಲ್ಲಿದ್ದು ಲಿಫ್ಟ್ ಸೌಲಭ್ಯವಿರುವುದಿಲ್ಲ. ಆದ್ದರಿಂದ ನನ್ನ ಆಸನ ವ್ಯವಸ್ಥೆಯನ್ನು ನೆಲಮಹಡಿಗೆ ಬದಲಾಯಿಸಿಕೊಡಲು ಕೋರುತ್ತೇನೆ. ಸದರಿ ಕೋರಿಕೆಯನ್ನು ಪರಿಗಣಿಸಲು ಸಾಧ್ಯವಾಗದಿದ್ದಲ್ಲಿ ಕಾರಣಗಳನ್ನು ಲಿಖಿತವಾಗಿ ತಿಳಿಸಲು ವಿನಂತಿ."

ಆ ಕೊನೇ ವಾಕ್ಯ ಬಿಡಲೇಬೇಡಿ. ಲಿಖಿತ ಕಾರಣ ಕೊಡೋಕೆ ಹೆದರಿಯೇ ಅರ್ಧ ಜನ ಕೆಲಸ ಮಾಡಿಕೊಡ್ತಾರೆ.

ಕೆಲಸ ಆಗಿಲ್ಲಾಂದ್ರೆ? ಇದೇ ಕಾಯ್ದೆಯ 23ನೇ ಕಲಂ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೇಲೂ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು, ಅವರು ದೂರುಗಳ ರಿಜಿಸ್ಟರ್ ಇಡಬೇಕು, ನೋಂದಾಯಿಸಿದ 2 ವಾರದೊಳಗೆ ವಿಚಾರಿಸಬೇಕು. ನಿಮ್ಮ ಆಫೀಸಲ್ಲಿ ಅದ್ಯಾರು ಅಂತ ಕೇಳಿ, ಬಹುಪಾಲು ಯಾರಿಗೂ ಗೊತ್ತಿರಲ್ಲ, ಆಗ "ಯಾರನ್ನು ನೇಮಿಸಲಾಗಿದೆ ತಿಳಿಸಿ" ಅಂತ ಅದಕ್ಕೂ ಒಂದು ಪತ್ರ. ಅಲ್ಲಿ ಸಮಾಧಾನ ಆಗದಿದ್ರೆ ಜಿಲ್ಲಾ ಮಟ್ಟದ ಸಮಿತಿ, ಜೊತೆಗೆ ರಾಜ್ಯ ವಿಕಲಚೇತನರ ಆಯುಕ್ತರು ಇದ್ದಾರೆ. ಆಯುಕ್ತರ ಮುಂದೆ ವಕೀಲರಿಲ್ಲದೇ ನೀವೇ ಹೋಗಿ ಹೇಳ್ಕೋಬಹುದು. ನೇಮಕಾತೀಲಿ ಈ ಕಾಯ್ದೆ ಕನಿಷ್ಠ ಶೇ 4 ಹೇಳುತ್ತೆ, ಶೇ 40ಕ್ಕಿಂತ ಕಮ್ಮಿ ಇಲ್ಲದ ವೈಕಲ್ಯ ಇರಬೇಕು, ಭರ್ತಿ ಆಗದಿದ್ರೆ ಮುಂದಿನ ವರ್ಷಕ್ಕೆ ಹೋಗಬೇಕು.

ಹೆರಿಗೆ ರಜೆ, ಇತ್ಯಾದಿ

ಖಾಯಂ ನೌಕರರಿಗೆ 180 ದಿನ, ಬದುಕಿರೋ ಮಕ್ಕಳು ಇಬ್ಬರಿಗಿಂತ ಕಮ್ಮಿ ಇದ್ರೆ. ಇದರಲ್ಲಿ ಜಾಸ್ತಿ ತಕರಾರು ಬರಲ್ಲ. ಶಿಶುಪಾಲನಾ ರಜೆ ಅಂತ ಇನ್ನೊಂದು 180 ದಿನ ಇಡೀ ಸೇವೇಲಿ ಸಿಗುತ್ತೆ, ಅದು ಮಾತ್ರ ಮಂಜೂರು ಮಾಡೋರ ಕೈಲಿದೆ. ತಿಂಗಳಿಗೆ ಒಂದು ದಿನ ಮುಟ್ಟಿನ ರಜೆಗೆ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದೆ. ರಜೆ ಹಾಕಿದವಳ ಬಗ್ಗೆ ಶಾಖೇಲಿ ಜೋಕ್ ಮಾಡೋದು ನಿಲ್ಲಿಸೋದು ಶಾಖಾಧಿಕಾರಿ ಕೆಲಸ, ಅದಕ್ಕೆ ಸುತ್ತೋಲೆ ಬೇಕಾಗಿಲ್ಲ.

ತಕರಾರು ಇರೋದು ಗುತ್ತಿಗೆ, ದಿನಗೂಲಿ ಹೆಣ್ಮಕ್ಕಳದ್ದು. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಹೆಂಗಸರ ಕೇಸಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಇದೆ ಅಂತು. 2023ರಲ್ಲಿ ಇನ್ನೂ ಮುಂದೆ ಹೋಗಿ, ಗುತ್ತಿಗೆ ಅವಧಿ ಮಧ್ಯದಲ್ಲೇ ಮುಗಿದ್ರೂ ಹೆರಿಗೆ ಸೌಲಭ್ಯ ನಿಲ್ಲಲ್ಲ ಅಂತು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಆಗ 26 ವಾರ. ಹೊರಗುತ್ತಿಗೆ ಆದ್ರೆ ಏಜೆನ್ಸಿಗೂ ಕಚೇರಿಗೂ ಇಬ್ಬರಿಗೂ ಬರೀರಿ, ಒಬ್ಬರು ಇನ್ನೊಬ್ಬರ ಮೇಲೆ ಹಾಕೋದು ಗ್ಯಾರಂಟಿ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗ್ತಿದ್ರೆ ಅಲ್ಲೇ ಕ್ಲೇಮ್ ಮಾಡಬಹುದು.

ಸಂಬಳದ ವಿಷಯಕ್ಕೂ ಒಂದು ಮಾತು. ಖಾಯಂ ನೌಕರರು ಮಾಡೋ ಕೆಲಸವನ್ನೇ, ಅದೇ ಜವಾಬ್ದಾರೀಲಿ ಮಾಡೋ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಕೊಡಬೇಕು ಅಂತ 2016ರ ಪಂಜಾಬ್ ಕೇಸಿನ ತೀರ್ಪಿದೆ. ಆದ್ರೆ ಅದೇ ಕೆಲಸ ಅಂತ ತೋರಿಸೋದು ನಿಮ್ಮ ಹೊಣೆ. ಕಾರ್ಯಹಂಚಿಕೆ ಆದೇಶ, ನೀವು ಸಹಿ ಮಾಡಿದ ರಿಜಿಸ್ಟರ್‌ಗಳ ಪ್ರತಿ ಜೋಡಿಸ್ಕೊಳ್ಳಿ.

ಲೈಂಗಿಕ ಕಿರುಕುಳ: ಇಲ್ಲಿ ತಾರೀಖು ನೋಡ್ಕೊಂಡೇ ಮುಂದೆ ಹೋಗಬೇಕು

ಇದಕ್ಕೆ ಇರೋದು ಕೆಲಸದ ಜಾಗದಲ್ಲಿ ಹೆಣ್ಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ. 10 ಅಥವಾ ಹೆಚ್ಚು ಜನ ಇರೋ ಪ್ರತಿ ಕಚೇರೀಲಿ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಹಿರಿಯ ಮಹಿಳಾ ಅಧಿಕಾರಿ, ಸದಸ್ಯರಲ್ಲಿ ಅರ್ಧಕ್ಕಿಂತ ಕಮ್ಮಿ ಇಲ್ಲದಷ್ಟು ಹೆಂಗಸರು, ಹೊರಗಿನ ಸಂಸ್ಥೆಯಿಂದ ಒಬ್ಬರು. ಕಚೇರಿಗಳು ಬೇರೆಬೇರೆ ಊರಲ್ಲಿದ್ರೆ ಪ್ರತಿ ಕಡೆನೂ ಸಮಿತಿ ಮಾಡಬೇಕು, ಜಿಲ್ಲಾ ಕಚೇರೀಲಿ ಒಂದು ಇದೆಯಲ್ಲ ಅನ್ನೋ ಉತ್ತರ ನಡೆಯಲ್ಲ. 10ಕ್ಕಿಂತ ಕಮ್ಮಿ ಜನ ಇರೋ ಸಣ್ಣ ಕಚೇರಿ ಆದ್ರೆ, ಅಥವಾ ದೂರು ಕಚೇರಿ ಮುಖ್ಯಸ್ಥರ ಮೇಲೇ ಆದ್ರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಕಿರುಕುಳ ಕೊಟ್ಟವನು ಬೇರೆ ಇಲಾಖೆಯವನು ಅಂತಾದ್ರೆ ನೀವು ನಿಮ್ಮ ಕಚೇರಿಯ ಸಮಿತಿಗೇ ದೂರು ಕೊಡಬಹುದು, 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ. ಖಾಯಂ ನೌಕರರೇ ಆಗಬೇಕಂತಿಲ್ಲ, ಗುತ್ತಿಗೆ, ದಿನಗೂಲಿ, ಟ್ರೈನಿ, ಕಚೇರಿಗೆ ಕೆಲಸಕ್ಕೆ ಬಂದ ಸಾರ್ವಜನಿಕ ಹೆಣ್ಮಗಳು, ಯಾರು ಬೇಕಾದ್ರೂ ಕೊಡಬಹುದು.

ಗಡುವು ಘಟನೆ ಆಗಿ 3 ತಿಂಗಳು, ಪದೇಪದೇ ಆಗಿದ್ರೆ ಕೊನೇ ಘಟನೆಯಿಂದ ಲೆಕ್ಕ. ಸರಿಯಾದ ಕಾರಣ ಇದ್ರೆ ಸಮಿತಿ ಇನ್ನೊಂದು 3 ತಿಂಗಳು ಕೊಡಬಹುದು. ಅದರ ಮೇಲೆ ಇಲ್ಲ. ಟ್ರಾನ್ಸ್‌ಫರ್ ಆಗಲಿ ಆಮೇಲೆ ಕೊಡೋಣ, ಮಗಳ ಪರೀಕ್ಷೆ ಮುಗೀಲಿ ಆಮೇಲೆ ಕೊಡೋಣ ಅಂತ ಕಾದವರ ದೂರು ಇಲ್ಲೇ ಬಿದ್ದುಹೋಗೋದು.

ದೂರು 6 ಪ್ರತಿ, ಜೊತೆಗೆ ದಾಖಲೆಗಳು, ಸಾಕ್ಷಿಗಳ ಹೆಸರು ವಿಳಾಸ. ಬರೆಯೋದು ಹೆಂಗೆ? ತಾರೀಖು, ಜಾಗ, ಅವನು ಹೇಳಿದ ಮಾತು ಯಥಾವತ್ತು, ಆಗ ಅಲ್ಲಿ ಯಾರಿದ್ರು, ನೀವು ಆಮೇಲೆ ಯಾರಿಗೆ ಹೇಳಿದ್ರಿ. "ಅಸಭ್ಯವಾಗಿ ವರ್ತಿಸಿದರು" ಅಂತ ಬರೆದ್ರೆ ಏನೂ ಆಗಲ್ಲ, ಆ ಕೆಟ್ಟ ಮಾತನ್ನ ಹಾಗೇ ಬರೀಬೇಕು, ನಾಚಿಕೆ ಆಗುತ್ತೆ ನಿಜ, ಆದ್ರೆ ಆ ಸಾಲಿನ ಮೇಲೇ ಇಡೀ ಕೇಸು ನಿಲ್ಲೋದು. ಬರೆಯೋಕಾಗದ ಸ್ಥಿತೀಲಿದ್ರೆ ಸಮಿತಿ ಸದಸ್ಯರೇ ಬರೆದುಕೊಳ್ಳೋಕೆ ಸಹಾಯ ಮಾಡಬೇಕು, ಅದು ಅವರ ಕರ್ತವ್ಯ.

ದೂರು ಕೊಟ್ಟ 7 ಕೆಲಸದ ದಿನದೊಳಗೆ ಎದುರಾಳಿಗೆ ಪ್ರತಿ ಹೋಗುತ್ತೆ, ಅವನು 10 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ವಿಚಾರಣೆ 90 ದಿನ. ಎರಡೂ ಕಡೆ ವಕೀಲರಿಗೆ ಪ್ರವೇಶ ಇಲ್ಲ. ವಿಚಾರಣೆ ನಡೀತಿರುವಾಗ ನಿಮ್ಮನ್ನ ಅಥವಾ ಅವನನ್ನ ವರ್ಗ ಮಾಡಿ ಅಂತ, ನಿಮಗೆ 3 ತಿಂಗಳವರೆಗೆ ಬೇರೆ ರಜೆ ಕೊಡಿ ಅಂತ, ನಿಮ್ಮ ವಾರ್ಷಿಕ ವರದಿ ಅವನು ಬರೆಯೋದು ಬೇಡ ಅಂತ ಲಿಖಿತವಾಗಿ ಕೇಳಬಹುದು. ರಾಜಿ ಮಾಡ್ಕೊಳ್ಳೋದಕ್ಕೂ ಅವಕಾಶ ಇದೆ, ಆದ್ರೆ ನೀವು ಕೇಳಿದ್ರೆ ಮಾತ್ರ, ಮತ್ತೆ ದುಡ್ಡಿನ ಆಧಾರದ ಮೇಲೆ ರಾಜಿ ಮಾಡೋ ಹಾಗಿಲ್ಲ. ಸಮಿತಿಯವರೇ "ಸಾರಿ ಕೇಳಿಸ್ಬಿಡ್ತೀವಿ ಬಿಡಮ್ಮ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ" ಅಂತ ಶುರು ಮಾಡಿದ್ರೆ ಅದು ತಪ್ಪು, ಅದನ್ನೂ ಬರೆದಿಡಿ.

ಸರ್ಕಾರಿ ನೌಕರರ ವಿಷಯದಲ್ಲಿ ಇನ್ನೊಂದು ಗೊತ್ತಿರಲಿ. ಈ ಸಮಿತಿ ವರದಿಯನ್ನೇ ಇಲಾಖಾ ವಿಚಾರಣೆ ವರದಿ ಅಂತ ತಗೋಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ರಾಜ್ಯಗಳಿಗೆ ಹೇಳಿದೆ, ಮತ್ತೆ ಹೊಸದಾಗಿ ವಿಚಾರಣಾಧಿಕಾರಿ ನೇಮಿಸಿ ನಿಮ್ಮನ್ನ ಇನ್ನೊಂದು ಸಲ ಸಾಕ್ಷಿ ಹೇಳಿಸೋದು ಬೇಕಿಲ್ಲ. ವರದಿ ಮೇಲೆ 60 ದಿನದೊಳಗೆ ಕ್ರಮ ಆಗಬೇಕು. ಒಪ್ಪಿಗೆ ಇಲ್ಲಾಂದ್ರೆ ಮೇಲ್ಮನವಿಗೆ 90 ದಿನ. ದೂರು ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ಸುಳ್ಳು ದೂರು ಅಂತ ನಿಮ್ಮ ಮೇಲೆ ಕ್ರಮ ತಗೊಳ್ಳೋಕೆ ಬರಲ್ಲ, ಬೇಕಂತಲೇ ಸುಳ್ಳು ಹೇಳಿದ್ದು ಅಂತ ಬೇರೆ ವಿಚಾರಣೇಲಿ ಸಾಬೀತಾಗಬೇಕು. ಪೊಲೀಸ್ ದೂರು ಇದರಿಂದ ಬೇರೆ, ಎರಡೂ ಒಟ್ಟಿಗೆ ಮಾಡಬಹುದು.

ಜಾತಿ ವಿಷಯಕ್ಕೆ ಅವಮಾನ ಆದ್ರೆ

ಪರಿಶಿಷ್ಟ ಜಾತಿ, ಪಂಗಡದವರಿಗೆ ನಾಲ್ಕು ಜನ ನೋಡೋ ಕಡೆ ಜಾತಿ ಹಿಡಿದು ಅವಮಾನ ಮಾಡಿದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತೆ, ಪೊಲೀಸ್ ಠಾಣೆ ಅಥವಾ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ. ಬಾಗಿಲು ಹಾಕಿದ ಚೇಂಬರ್‌ನಲ್ಲಿ ಇಬ್ಬರೇ ಇದ್ದಾಗ ಆಗಿದ್ದಾದ್ರೆ ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗ ಅನ್ನೋ ಅಂಶದ ಮೇಲೆ ಕೇಸ್ ಸಡಿಲ ಆಗುತ್ತೆ, ಅಂಥದ್ದಕ್ಕೆ ಇಲಾಖಾ ಶಿಸ್ತುಕ್ರಮದ ದೂರು ಕೊಡಿ. ರಾಜ್ಯ ಅನುಸೂಚಿತ ಜಾತಿ, ಬುಡಕಟ್ಟು ಆಯೋಗಕ್ಕೂ ಬರೀಬಹುದು, ಅವರು ಕಡತ ತರಿಸಿ ಅಧಿಕಾರಿಗಳನ್ನ ಕರೆಸಿ ಕೇಳ್ತಾರೆ, ಅದೇ ಅರ್ಧ ಕೆಲಸ ಮಾಡುತ್ತೆ. ಆದ್ರೆ ಆಯೋಗ ಬಡ್ತಿ ಆದೇಶಕ್ಕೆ ತಡೆ ಕೊಡೋಕೆ ಬರಲ್ಲ, ಶಿಫಾರಸು ಮಾತ್ರ. ತಡೆ ಬೇಕಂದ್ರೆ ನ್ಯಾಯಮಂಡಳಿ.

ಕೆಎಟಿ, ಮತ್ತೆ ಅಲ್ಲಿನ ಗಡಿಯಾರ

ರಾಜ್ಯ ಸರ್ಕಾರಿ ನೌಕರರ ನೇಮಕಾತಿ, ಸೇವಾ ವಿಷಯಕ್ಕೆ ಕರ್ನಾಟಕ ಆಡಳಿತ ನ್ಯಾಯಮಂಡಳಿ (ಕೆಎಟಿ), ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಪೀಠಗಳಿವೆ. ಕೇಂದ್ರದವರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ (ಸಿಎಟಿ). ವಿಶ್ವವಿದ್ಯಾಲಯ, ಹಲವು ನಿಗಮ ಮಂಡಳಿಯವರು ನೇರ ಹೈಕೋರ್ಟ್‌ಗೆ ಹೋಗಬೇಕಾಗುತ್ತೆ, ವಕೀಲರ ಹತ್ರ ಮೊದಲೇ ಕೇಳ್ಕೊಳ್ಳಿ. ಸಾಮಾನ್ಯವಾಗಿ ಮೊದಲು ಇಲಾಖೇಲಿ ಮೇಲ್ಮನವಿ ಅಥವಾ ಮನವಿ ಹಾಕಿರಬೇಕು. ಆದೇಶ ಬಂದಿದ್ರೆ ಅಲ್ಲಿಂದ 1 ವರ್ಷ. ಮನವಿಗೆ 6 ತಿಂಗಳಾದ್ರೂ ಉತ್ತರ ಇಲ್ಲಾಂದ್ರೆ ಆ 6 ತಿಂಗಳು ಮುಗಿದ ಮೇಲೆ 1 ವರ್ಷ.

ನಮ್ಮ ಜನ ಎಡವೋದು ನೆನಪೋಲೆಗಳಲ್ಲಿ. ಮೊದಲ ಮನವಿ, ಆಮೇಲೆ ನೆನಪೋಲೆ 1, ನೆನಪೋಲೆ 2, ಸಾಹೇಬ್ರು ಒಳ್ಳೆಯವರು ಮಾಡ್ತೀನಿ ಅಂದಿದ್ದಾರೆ, ಅಂತ ಮೂರು ವರ್ಷ. ನೆನಪೋಲೆ ಹಾಕಿದ್ರೆ ಗಡುವು ಹೊಸದಾಗಿ ಶುರುವಾಗಲ್ಲ, ಮೊದಲ ಮನವಿಯಿಂದಲೇ ಲೆಕ್ಕ. ತಡವಾದ್ರೆ ಕಾರಣ ಕೊಟ್ಟು ಮನ್ನಾ ಕೇಳಬಹುದು, ಸಿಗುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ಕೆಎಟಿ ಆದೇಶದ ಮೇಲೆ ಹೈಕೋರ್ಟ್ ವಿಭಾಗೀಯ ಪೀಠ.

ನೀವೇ ಕಚೇರಿ ಮುಖ್ಯಸ್ಥರಾಗಿದ್ರೆ

ಇಷ್ಟು ಹೊತ್ತು ನೌಕರರ ಕಡೆಯಿಂದ ಹೇಳಿದೆ, ಈಗ ಕುರ್ಚಿ ಆಕಡೆ. ಸಾಹೇಬ್ರೇ ಮೇಡಮ್ಮೇ, ಈ ವಾರ ನಿಮ್ಮ ಸಿಬ್ಬಂದಿ ಶಾಖೆಯವರನ್ನ ಕರೆದು ಕೇಳಿ: ಆಂತರಿಕ ಸಮಿತಿ ಆದೇಶ ಎಲ್ಲಿದೆ, ಅದರಲ್ಲಿರೋ ಅಧ್ಯಕ್ಷೆ ಇನ್ನೂ ಇಲ್ಲೇ ಇದ್ದಾರಾ ಅಥವಾ ವರ್ಗ ಆಗಿ ಹೋದ್ರಾ? ಸದಸ್ಯರ ಅವಧಿ ಗರಿಷ್ಠ 3 ವರ್ಷ, ಮುಗಿದಿದ್ಯಾ? ಸಮಿತಿ ಹೆಸರುಗಳು ನೋಟಿಸ್ ಬೋರ್ಡಲ್ಲಿ ಕಾಣೋ ಹಾಗೆ ಇದ್ಯಾ, ಅಥವಾ 2019ರ ಚುನಾವಣಾ ಸುತ್ತೋಲೆ ಕೆಳಗೆ ಮುಚ್ಚಿಹೋಗಿದ್ಯಾ? ಸಮಿತಿ ಮಾಡದಿದ್ರೆ ದಂಡ 50,000 ರೂಪಾಯಿವರೆಗೆ. ವಿಕಲಚೇತನರ ಕಾಯ್ದೆಯ 21ನೇ ಕಲಂ ಪ್ರಕಾರ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಅದರ ಪ್ರತಿ ಆಯುಕ್ತರ ಹತ್ರ ನೋಂದಾಯಿಸಬೇಕು, ಮೇಲೆ ಹೇಳಿದ ಕುಂದುಕೊರತೆ ಅಧಿಕಾರಿ ನೇಮಿಸಬೇಕು. ರೋಸ್ಟರ್ ರಿಜಿಸ್ಟರ್ ಪ್ರತಿ ನೇಮಕ, ಬಡ್ತಿ ಆದ ದಿನವೇ ಬರೆದು ಸಹಿ ಆಗಬೇಕು, ತಪಾಸಣೆ ಬರುತ್ತೆ ಅಂತ ಹಿಂದಿನ ರಾತ್ರಿ ಒಂದೇ ಇಂಕಲ್ಲಿ ಐದು ವರ್ಷದ್ದು ತುಂಬಿದ್ರೆ ನೋಡಿದವರಿಗೆ ಗೊತ್ತಾಗುತ್ತೆ.

ದೂರು ಬಂದ ದಿನ ಮಾಡಬೇಕಾದ್ದು: ಸ್ವೀಕೃತಿ ಕೊಡಿ, ಹೊಸ ಕಡತ ತೆರೆಸಿ, ಲೈಂಗಿಕ ಕಿರುಕುಳದ್ದಾದ್ರೆ ಅವತ್ತೇ ಮುಚ್ಚಿದ ಲಕೋಟೇಲಿ ಸಮಿತಿ ಅಧ್ಯಕ್ಷೆಗೆ. ಯಾವ ಕಾರಣಕ್ಕೂ ಆ ದೂರನ್ನ ಸಾಮಾನ್ಯ ಟಪಾಲಲ್ಲಿ ಗುರುತು ಹಾಕಿ ಶಾಖೆಗೆ ಇಳಿಸಬೇಡಿ, ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಆಫೀಸಿಗೆ ಗೊತ್ತಾಗಿರುತ್ತೆ, ದೂರುದಾರಳ ಹೆಸರು ಹೊರಗೆ ಬರೋ ಹಾಗೇ ಇಲ್ಲ ಅಂತ ಕಾಯ್ದೇಲೇ ಇದೆ. ದೂರು ಕೊಟ್ಟವರನ್ನ ಆ ತಿಂಗಳೇ "ಆಡಳಿತಾತ್ಮಕ ಕಾರಣಕ್ಕೆ" ನಿಯೋಜನೆ ಮೇಲೆ ಕಳಿಸೋದು, ಹಳೇ ಮೆಮೊ ಕೆದಕೋದು ಇವೆಲ್ಲ ಮಾಡಬೇಡಿ, ನ್ಯಾಯಮಂಡಳೀಲಿ ತಾರೀಖು ಪಕ್ಕಪಕ್ಕ ಇಟ್ಟು ಓದಿದ್ರೆ ನಿಮ್ಮ ಆದೇಶ ತಾನಾಗೇ ಬೀಳುತ್ತೆ. ಕೋರಿಕೆ ತಿರಸ್ಕರಿಸೋದೇ ಆದ್ರೂ "ಪರಿಶೀಲಿಸಲಾಗಿದೆ, ಅವಕಾಶವಿಲ್ಲ" ಅಂತ ಒಂದು ಸಾಲು ಬರೀಬೇಡಿ, ಯಾವ ನಿಯಮದಡಿ ಯಾಕೆ ಆಗಲ್ಲ, ಬದಲಿಗೆ ಏನು ಮಾಡಬಹುದು ಅಂತ ಟಿಪ್ಪಣೀಲಿ ಬರೆದು ಆಮೇಲೆ ಹಿಂಬರಹ ಕೊಡಿ.

ಮತ್ತೆ ನೀವು ವರ್ಗ ಆಗಿ ಹೋಗುವಾಗ ಕಾರ್ಯಭಾರ ಹಸ್ತಾಂತರದ ಪಟ್ಟೀಲಿ ನಗದು ಪುಸ್ತಕ, ವಾಹನದ ಲಾಗ್ ಬುಕ್ ಜೊತೆಗೆ ಬಾಕಿ ಇರೋ ದೂರುಗಳು, ಅವುಗಳ ಗಡುವಿನ ತಾರೀಖು ಕೂಡ ಬರೆದು ಹೊಸಬರ ಸಹಿ ತಗೊಳ್ಳಿ.